ಮಾನ್ಯ ಶಾಸಕರೇ, ಮುಂದಿನ ಮುಷ್ಕರಕ್ಕೆ ನಿಮ್ಮ ತಾಲ್ಲೂಕು ಆಸ್ಪತ್ರೆ ತಯಾರಿದೆಯಾ?

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. 2017ರ ನವೆಂಬರ್ ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಬೆಳಗಾವಿಯಲ್ಲಿ ಅಧಿವೇಶನ ನಡೆದಿತ್ತು. ಸುವರ್ಣಸೌಧದ ಒಳಗೆ ಖಾಸಗಿ ಆಸ್ಪತ್ರೆಗಳನ್ನು ಹತೋಟಿಯಲ್ಲಿಡುವ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ತಿದ್ದುಪಡಿ ಮಸೂದೆ. ಕೆಪಿಎಂಇ ಅಂದರೆ ಆಗ ಟೀ ಅಂಗಡಿಯಲ್ಲೂ ಗೊತ್ತಾಗುತ್ತಿತ್ತು. ಹೊರಗೆ ರಾಜ್ಯದ ಮೂಲೆಮೂಲೆಯಿಂದ ಬಂದ ವೈದ್ಯರ ಧರಣಿ. ಊರುಗಳಲ್ಲಿ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗ ಬಂದ್. ಸತ್ತವರ ಲೆಕ್ಕದ ಮೇಲೂ ಜಗಳ ಆಯಿತು. ಪತ್ರಿಕೆಗಳು ಒಂದು ಹೇಳಿದವು, ವೈದ್ಯರ ಸಂಘ ಇನ್ನೊಂದು ಹೇಳಿತು. ಹೈಕೋರ್ಟ್ ನಡುವೆ ಬರಬೇಕಾಯಿತು. ಕೊನೆಗೆ ಮುಖ್ಯಮಂತ್ರಿಗಳು ವೈದ್ಯರನ್ನು ಕರೆಸಿ ಮಾತಾಡಿದರು, ಮುಷ್ಕರ ಮುಗಿಯಿತು. ಮಸೂದೆಯೂ ಪಾಸಾಯಿತು. ಆದರೆ ಜೂನ್‌ನಲ್ಲಿ ಮಂಡನೆಯಾಗಿದ್ದ ಮಸೂದೆಗೂ ನವೆಂಬರ್‌ನಲ್ಲಿ ಪಾಸಾದದ್ದಕ್ಕೂ ಬಹಳ ವ್ಯತ್ಯಾಸ ಇತ್ತು.

ಇದನ್ನು ಈಗ ಯಾಕೆ ಕೆದಕುತ್ತಿದ್ದೇನೆ ಅಂದರೆ, ಆರೋಗ್ಯದ ಸುಧಾರಣೆ ಅಂದ ಕೂಡಲೇ ನೀವು ಹೇಳುವ ಮಾತು ಒಂದೇ: ದುಡ್ಡಿಲ್ಲ. ದುಡ್ಡು ಕಮ್ಮಿ ಇರುವುದು ನಿಜ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇಕಡಾ 2.5 ಆಗಬೇಕು ಅಂತ ಬರೆದಿತ್ತು. ಕೋವಿಡ್‌ಗೆ ಸುರಿದ ದುಡ್ಡೂ ಸೇರಿ 2021-22ರಲ್ಲಿ ಅದು ಮುಟ್ಟಿದ್ದು ಶೇಕಡಾ 1.84. ಸರಿ, ಒಪ್ಪೋಣ. ಆದರೆ 2017ರ ಮಸೂದೆಗೆ ಖಜಾನೆಯಿಂದ ದೊಡ್ಡ ದುಡ್ಡೇನೂ ಬೇಕಿರಲಿಲ್ಲವಲ್ಲ? ದರ ಇಷ್ಟು ಅಂತ ಗೊತ್ತು ಮಾಡುವುದು, ದೂರು ಕೇಳಲು ಒಂದು ಸಮಿತಿ ಮಾಡುವುದು, ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವುದು, ಇಷ್ಟೇ ತಾನೇ ಇದ್ದದ್ದು. ಅದೂ ನಿಲ್ಲಲಿಲ್ಲ.

ಆ ಮಸೂದೆಯಲ್ಲಿ ಏನಿತ್ತು ಅಂತ ಒಮ್ಮೆ ನೋಡಿ. ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಅವರು ತಂದದ್ದು. ಚಿಕಿತ್ಸೆಯ ದರ ನಿಗದಿ ಮಾಡುವ ಅಧಿಕಾರ ಸರ್ಕಾರಕ್ಕೆ. ಜಿಲ್ಲೆಗೊಂದು ಪ್ರತ್ಯೇಕ ಕುಂದುಕೊರತೆ ಸಮಿತಿ. ಹೆಣ ಕೊಡಲು ಬಿಲ್ಲು ಕಟ್ಟಿ ಅನ್ನುವ ಹಾಗಿಲ್ಲ. ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕೇಳುವ ಹಾಗಿಲ್ಲ. ಇದರ ಜೊತೆಗೆ ಮೂರು ವರ್ಷದವರೆಗೆ ಜೈಲು. ಜಂಟಿ ಪರಿಶೀಲನಾ ಸಮಿತಿಗೆ ಹೋಗಿ ಬಂದು ಪಾಸಾಗುವ ಹೊತ್ತಿಗೆ ದರ ನಿಗದಿ ಅನ್ನುವುದು ಸರ್ಕಾರಿ ಯೋಜನೆಗಳಲ್ಲಿ ಬರುವ ರೋಗಿಗಳಿಗೆ ಮಾತ್ರ ಅಂತಾಯಿತು. ಅವರಿಗೆ ದರ ಹೇಗೂ ಮೊದಲೇ ನಿಗದಿಯಾಗಿ ಇರುತ್ತದೆ! ಕೈಯಿಂದ ದುಡ್ಡು ಕೊಡುವವರು ಹೊರಗೇ ಉಳಿದರು. ಪ್ರತ್ಯೇಕ ಸಮಿತಿ ಹೋಯಿತು. ನೋಂದಣಿ ಮಾಡುವ ಪ್ರಾಧಿಕಾರಕ್ಕೇ ದೂರು ಕೇಳುವ ಕೆಲಸವನ್ನೂ ಹೊರಿಸಿ, ಈಗಾಗಲೇ ನೂರೆಂಟು ಸಮಿತಿಗಳ ಅಧ್ಯಕ್ಷರಾದ ಜಿಲ್ಲಾಧಿಕಾರಿಗಳ ತಲೆಗೆ ಕಟ್ಟಿದಿರಿ. ಜೈಲು ನೋಂದಣಿ ಇಲ್ಲದೆ ಆಸ್ಪತ್ರೆ ನಡೆಸುವವರಿಗೆ ಉಳಿಯಿತು. ಹೆಣ ಮತ್ತು ಅಡ್ವಾನ್ಸ್‌ನ ವಿಷಯ ಕಾನೂನಿನಲ್ಲಿ ಉಳಿಯಿತು. ಅಷ್ಟಕ್ಕಾದರೂ ಥ್ಯಾಂಕ್ಸ್ ಹೇಳಬೇಕು.

ವೈದ್ಯರದ್ದೇ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ಕೇಳಿದ ಒಂದು ಪ್ರಶ್ನೆಗೆ ಸರ್ಕಾರದ ಹತ್ತಿರ ಉತ್ತರ ಇರಲಿಲ್ಲ: ಸರ್ಕಾರಿ ಆಸ್ಪತ್ರೆಗಳನ್ನು ಯಾಕೆ ಹೊರಗಿಟ್ಟಿದ್ದೀರಿ? ಸುಪ್ರೀಂ ಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಅವರ ನೇತೃತ್ವದಲ್ಲಿ ಈ ತಿದ್ದುಪಡಿಗೆಂದೇ ಸರ್ಕಾರ ನೇಮಿಸಿದ್ದ ಸಮಿತಿ ಸರ್ಕಾರಿ ಆಸ್ಪತ್ರೆಗಳನ್ನೂ ಸೇರಿಸಿ ಅಂದಿತ್ತು. ಸೇರಿಸಲಿಲ್ಲ. ಜೈಲಿನ ಮಾತಂತೂ ಮಸೂದೆಯನ್ನೇ ಮುಳುಗಿಸಿತು ಅನ್ನುವುದು ನನ್ನ ಅಭಿಪ್ರಾಯ. ಸಾಲ ಮಾಡಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಹಾಕಿದ ಗಂಡ ಹೆಂಡತಿ ಡಾಕ್ಟರುಗಳು ಇರುತ್ತಾರಲ್ಲ, ಅವರು ದೊಡ್ಡ ಕಾರ್ಪೊರೇಟ್ ಆಸ್ಪತ್ರೆಗಳ ಜೊತೆ ಒಂದೇ ಸಾಲಿನಲ್ಲಿ ಕೂತದ್ದು ಈ ಜೈಲಿನ ಭಯದಿಂದಲೇ. ಬಿಲ್ಲಿನ ವಿಷಯದಲ್ಲಿ ಇಬ್ಬರ ಹಿತ ಒಂದೇ ಆಗಿರಲಿಲ್ಲ. ಅವರನ್ನು ಬೇರೆ ಮಾಡಿ ಮಾತಾಡುವ ಜಾಣತನವನ್ನು ಯಾರೂ ತೋರಿಸಲಿಲ್ಲ.

ಇನ್ನು ರೋಗಿಗಳ ಕಡೆ ಯಾರಿದ್ದರು? ಕರ್ನಾಟಕ ಜನಾರೋಗ್ಯ ಚಳುವಳಿಯಂಥ ಕೆಲವು ಸಂಘಟನೆಗಳು ಮಸೂದೆಯ ಪರವಾಗಿ ದನಿ ಎತ್ತಿದವು. ಅಷ್ಟೇ. ರೋಗಿ ಅನ್ನುವವನು ಹದಿನೈದು ದಿನ ರೋಗಿ. ಆಮೇಲೆ ಅವನು ರೈತ, ಆಟೋ ಡ್ರೈವರ್, ಮೇಷ್ಟ್ರು. ಕಾಯಿಲೆ ವಾಸಿಯಾದವರ ಸಂಘ ಅಂತ ಎಲ್ಲಾದರೂ ನೋಡಿದ್ದೀರಾ? ಕಳೆದುಕೊಳ್ಳುವವರಿಗೆ ಪ್ರತಿ ಜಿಲ್ಲೆಯಲ್ಲೂ ಶಾಖೆ ಇದೆ, ವಕೀಲರಿದ್ದಾರೆ, ನಿಮ್ಮ ಫೋನ್ ನಂಬರ್ ಇದೆ. ಲಾಭ ಆಗಬೇಕಾದವರಿಗೆ ಹಾಗೊಂದು ಕಾನೂನು ಬರುತ್ತಿದೆ ಅನ್ನುವುದೇ ಗೊತ್ತಿರುವುದಿಲ್ಲ. ಜೊತೆಗೆ ನಿಮ್ಮಲ್ಲೇ ಕೆಲವರು ಆಸ್ಪತ್ರೆ, ಮೆಡಿಕಲ್ ಕಾಲೇಜು ನಡೆಸುವ ಟ್ರಸ್ಟ್‌ಗಳಲ್ಲಿ ಇದ್ದೀರಿ. ತಪ್ಪು ಅನ್ನುತ್ತಿಲ್ಲ. ಮತ ಹಾಕುವಾಗ ಅದನ್ನು ಹೇಳಿ ಹಾಕಿ ಅಂತ ಮಾತ್ರ ಕೇಳುತ್ತೇನೆ.

ಇದು ನಮ್ಮ ರಾಜ್ಯದ ಕಥೆ ಮಾತ್ರ ಅಂದುಕೊಳ್ಳಬೇಡಿ. 2023ರ ಮಾರ್ಚ್ 21ರಂದು ರಾಜಸ್ಥಾನ ಆರೋಗ್ಯ ಹಕ್ಕಿನ ಮಸೂದೆ ಪಾಸು ಮಾಡಿತು. ದೇಶದಲ್ಲೇ ಮೊದಲು ಅಂತ ಹೊಗಳಿಕೆ ಬಂತು. ಮುಷ್ಕರವೂ ಬಂತು. ಏಪ್ರಿಲ್ 4ಕ್ಕೆ ರಾಜಿ ಆಯಿತು, ಐವತ್ತಕ್ಕಿಂತ ಕಮ್ಮಿ ಹಾಸಿಗೆಯ ಖಾಸಗಿ ಆಸ್ಪತ್ರೆಗಳಿಗೆ ವಿನಾಯಿತಿ ಸಿಕ್ಕಿತು. ಕಾನೂನಿಗೆ ನಿಯಮ ಬರೆಯುವಷ್ಟರಲ್ಲಿ ಡಿಸೆಂಬರ್ ಬಂತು, ಸರ್ಕಾರವೇ ಬದಲಾಯಿತು. ನಿಯಮ ಇಲ್ಲದ ಕಾನೂನು ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇದ್ದ ಹಾಗೆ.

ಬಾಂಗ್ಲಾದೇಶದಲ್ಲಿ ಇದೇ ವಿಷಯ ಎರಡು ಸಲ ಎರಡು ಥರ ನಡೆಯಿತು. ನನಗೆ ಅದು ಬಹಳ ಕುತೂಹಲದ ಸಂಗತಿ. 1982ರಲ್ಲಿ ಅಲ್ಲಿ ಔಷಧ ನೀತಿ ಬಂತು. ಇರ್ಷಾದ್ ಎಂಬ ಸೇನಾಧಿಕಾರಿಯ ಆಡಳಿತ. ಹಿಂದೆ ನಿಂತವರಲ್ಲಿ ಮುಖ್ಯರು ಡಾ. ಜಫ್ರುಲ್ಲಾ ಚೌಧರಿ. ಲಂಡನ್ನಿನಲ್ಲಿ ಸರ್ಜರಿ ಕಲಿಯುವುದನ್ನು ಬಿಟ್ಟು 1971ರ ಯುದ್ಧಕ್ಕೆ ಬಂದು ಗಡಿಯಲ್ಲಿ ಆಸ್ಪತ್ರೆ ನಡೆಸಿದವರು. ಆ ನೀತಿ 150 ಅಗತ್ಯ ಔಷಧಗಳ ಪಟ್ಟಿ ಮಾಡಿತು. ಕೆಲಸಕ್ಕೆ ಬಾರದ, ಅಪಾಯದ ಸುಮಾರು 1,700 ಔಷಧಗಳನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ಮಾರುಕಟ್ಟೆಯ ಬಹುಪಾಲು ಆಗ ಕೆಲವೇ ಬಹುರಾಷ್ಟ್ರೀಯ ಕಂಪನಿಗಳ ಕೈಯಲ್ಲಿತ್ತು. ವಿದೇಶಿ ರಾಯಭಾರಿಗಳು ಒತ್ತಡ ತಂದರು. ಅಲ್ಲಿನ ವೈದ್ಯರ ಸಂಘವೂ ವಿರೋಧ ಮಾಡಿತು. ನೀತಿ ಬಗ್ಗಿತು, ಮುರಿಯಲಿಲ್ಲ. ಯಾಕೆ? ಸಾಮಾನ್ಯ ಔಷಧಗಳನ್ನು ದೇಶದ ಕಂಪನಿಗಳೇ ತಯಾರಿಸಲಿ ಅಂತ ಅದರಲ್ಲಿತ್ತು. ಆ ಕಂಪನಿಗಳು ಬೆಳೆದವು. ಬೆಳೆದ ಮೇಲೆ ನೀತಿಯನ್ನು ಕಾಯುವವರು ಅವರೇ ಆದರು. ಇವತ್ತು ಅಲ್ಲಿ ಬೇಕಾದ ಔಷಧದಲ್ಲಿ ಶೇಕಡಾ 90ಕ್ಕೂ ಹೆಚ್ಚು ಅಲ್ಲೇ ತಯಾರಾಗುತ್ತದೆ.

ಅದೇ ಇರ್ಷಾದ್, ಅದೇ ಜಫ್ರುಲ್ಲಾ, 1990ರಲ್ಲಿ ಆರೋಗ್ಯ ನೀತಿ ತರಲು ಹೋದರು. ಸರ್ಕಾರಿ ವೈದ್ಯರು ಖಾಸಗಿ ಪ್ರಾಕ್ಟೀಸ್ ಮಾಡಬಾರದು ಅನ್ನುವುದು ಅದರ ಮುಖ್ಯ ಅಂಶ. ವೈದ್ಯರು ಬೀದಿಗಿಳಿದರು. ಆ ಹೊತ್ತಿಗೆ ಜನ ಇರ್ಷಾದ್ ವಿರುದ್ಧ ಎದ್ದಿದ್ದರು. ಎರಡೂ ಹೋರಾಟ ಒಂದಾದವು. ಡಿಸೆಂಬರ್‌ನಲ್ಲಿ ಸರ್ಕಾರ ಬಿತ್ತು, ನೀತಿಯೂ ಕಸದ ಬುಟ್ಟಿಗೆ ಹೋಯಿತು. ಈ ಸಲ ನೀತಿಯಿಂದ ನಾಳೆಯೇ ಲಾಭ ಕಾಣುವವರು ಯಾರೂ ಇರಲಿಲ್ಲ. ಹಳ್ಳಿಯ ರೋಗಿಗೆ ಲಾಭ ಆಗುತ್ತಿತ್ತು ನಿಜ, ಆದರೆ ವರ್ಷಗಳ ಮೇಲೆ. ಢಾಕಾದ ಡಾಕ್ಟರಿಗೆ ನಷ್ಟ ಇವತ್ತು ಸಂಜೆಯಿಂದಲೇ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಸೇನಾಡಳಿತದ ಬಲದಿಂದ ತಂದ ಸುಧಾರಣೆಯನ್ನು ನೋಡಿ 'ನಮಗೂ ಅಂಥವರು ಬೇಕು' ಅನ್ನುವವರು ನಮ್ಮಲ್ಲೂ ಇದ್ದಾರೆ. ಅವರು 1990ರ ಭಾಗವನ್ನು ಓದಿರುವುದಿಲ್ಲ.

ಥಾಯ್ಲೆಂಡ್ ಓಟಿನಿಂದಲೇ ಮಾಡಿತು. 2001ರ ಜನವರಿ ಚುನಾವಣೆಯಲ್ಲಿ ಗೆದ್ದು ಪ್ರಧಾನಿಯಾದ ಥಾಕ್ಸಿನ್ ಅವರ ಪಕ್ಷ ಒಂದು ಘೋಷಣೆ ಮಾಡಿತ್ತು: ಯಾವ ಕಾಯಿಲೆಯಾದರೂ 30 ಬಾತ್. ಆಗಿನ ಲೆಕ್ಕದಲ್ಲಿ ನಮ್ಮ ಮೂವತ್ತು ಚಿಲ್ಲರೆ ರೂಪಾಯಿ. 1997ರ ಆರ್ಥಿಕ ಕುಸಿತದಿಂದ ದೇಶ ಇನ್ನೂ ಪೂರ್ತಿ ಎದ್ದಿರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಆರು ಪ್ರಾಂತ್ಯಗಳಲ್ಲಿ ಶುರು, 2002ಕ್ಕೆ ಇಡೀ ದೇಶ, ಆ ವರ್ಷವೇ ಕಾನೂನು. ಕೇಳಿದರೆ ಚುನಾವಣೆಯ ಗ್ಯಾರಂಟಿ ಥರವೇ ಇದೆ ಅಲ್ವಾ? ನಮ್ಮಲ್ಲಿ ಗ್ಯಾರಂಟಿಗಳ ಬಗ್ಗೆ ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಆದರೆ ಗ್ಯಾರಂಟಿ ಕೊಟ್ಟಿದ್ದಷ್ಟೇ ಅಲ್ಲಿನ ಕಥೆ ಆಗಿದ್ದರೆ ಅದು ಎರಡು ವರ್ಷವೂ ಬಾಳುತ್ತಿರಲಿಲ್ಲ.

ಮೂವತ್ತು ವರ್ಷದ ತಯಾರಿ ಅದರ ಹಿಂದೆ ಇತ್ತು. 1970ರ ದಶಕದ ಶುರುವಿನಲ್ಲೇ ವೈದ್ಯ ಪದವಿ ಮುಗಿಸಿದವರು ಮೂರು ವರ್ಷ ಹಳ್ಳಿಗಾಡಿನಲ್ಲಿ ಕೆಲಸ ಮಾಡಬೇಕು ಅಂತಾಯಿತು. 1980ರ ದಶಕದಲ್ಲಿ ಕೆಲವು ವರ್ಷ ದೊಡ್ಡ ಊರುಗಳ ಆಸ್ಪತ್ರೆ ಕಟ್ಟಡಗಳಿಗೆ ದುಡ್ಡು ತಡೆಹಿಡಿದು ಅದನ್ನು ಕೆಳಗಿನ ಆಸ್ಪತ್ರೆಗಳಿಗೆ ತಿರುಗಿಸಿದರು. ಅವರು 'ಜಿಲ್ಲಾ ಆಸ್ಪತ್ರೆ' ಅನ್ನುವುದು ನಮ್ಮ ತಾಲ್ಲೂಕು ಆಸ್ಪತ್ರೆಗೆ ಸಮ. ಹಳ್ಳಿಗೆ ಹೋದ ಆ ಯುವ ವೈದ್ಯರೇ ಒಂದು ಬಳಗ ಕಟ್ಟಿಕೊಂಡರು. ಡಾ. ಸಂಗ್ವನ್ ಅವರಲ್ಲಿ ಒಬ್ಬರು. ಗ್ರಾಮೀಣ ಆಸ್ಪತ್ರೆಯಿಂದ ಆರೋಗ್ಯ ಇಲಾಖೆಯವರೆಗೆ ಬಂದು, ಲೆಕ್ಕ ಹಾಕಿ, ಪ್ರಯೋಗ ಮಾಡಿ, ಯೋಜನೆಯನ್ನು ಫೈಲಿನಲ್ಲಿ ಸಿದ್ಧವಾಗಿ ಇಟ್ಟುಕೊಂಡು ರಾಜಕಾರಣಿಗಳ ಬಾಗಿಲು ತಟ್ಟಿದರು. ಇತ್ತ 1997ರ ಸಂವಿಧಾನ 50,000 ಸಹಿ ಇದ್ದರೆ ಜನರೇ ಮಸೂದೆ ತರಬಹುದು ಅಂದಿತ್ತು. ಮಹಿಳೆಯರ, ಹಿರಿಯರ, ಇನ್ನೂ ಎಷ್ಟೋ ಗುಂಪುಗಳು ಸೇರಿ ಆ ಸಹಿ ಸಂಗ್ರಹಿಸಿದವು. ಕಾನೂನು ಬಂದಾಗ ಯೋಜನೆ ನಡೆಸುವ ಮಂಡಳಿಯಲ್ಲೇ ಜನಸಂಘಟನೆಗಳಿಗೆ ಕುರ್ಚಿ ಸಿಕ್ಕಿತು. ಆಮೇಲೆ ಸೈನ್ಯದ ದಂಗೆ ಆಯಿತು, ಸರ್ಕಾರಗಳು ಬಂದವು ಹೋದವು, ಯೋಜನೆ ಹೋಗಲಿಲ್ಲ. 2006ರ ದಂಗೆಯ ಬಳಿಕ ಬಂದ ಸರ್ಕಾರ ಆ 30 ಬಾತನ್ನೂ ತೆಗೆದುಹಾಕಿ ಪೂರ್ತಿ ಉಚಿತ ಮಾಡಿತು!

ಎಲ್ಲವೂ ಗೆದ್ದಿತು ಅಂತಲ್ಲ. ಸರ್ಕಾರಿ ನೌಕರರ ಯೋಜನೆ, ಕಾರ್ಮಿಕರ ಯೋಜನೆ, ಈ ಹೊಸದು, ಮೂರನ್ನೂ ಒಂದು ಮಾಡಬೇಕು ಅಂತ ಮೊದಲ ಲೆಕ್ಕಾಚಾರ ಇತ್ತು. ನೌಕರರೂ ಕಾರ್ಮಿಕ ಸಂಘಗಳೂ ಒಪ್ಪಲಿಲ್ಲ. ಸುಧಾರಕರು ಅಲ್ಲಿ ಜಗಳಕ್ಕೆ ನಿಲ್ಲಲಿಲ್ಲ. ಅದನ್ನು ಬಿಟ್ಟು, ಯಾವ ವಿಮೆಯೂ ಇಲ್ಲದವರನ್ನು ಮೊದಲು ಸೇರಿಸಿಕೊಂಡರು. ಎಲ್ಲಿ ಬಿಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಮ್ಮವರು ಬೆಳಗಾವಿಯಲ್ಲಿ ಜೈಲನ್ನು ಜೂನ್‌ನಲ್ಲೇ ಬಿಟ್ಟು ದರವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಏನಾಗುತ್ತಿತ್ತೋ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 2017ರಲ್ಲಿ ಸರ್ಕಾರ ಯಾಕೆ ಮಣಿಯಿತು? ಖಾಸಗಿ ಆಸ್ಪತ್ರೆ ಬಾಗಿಲು ಹಾಕಿದರೆ ಜನ ಹೋಗಲು ಬೇರೆ ಜಾಗ ಇರಲಿಲ್ಲ. ಅಷ್ಟೇ ಕಾರಣ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಅರಿವಳಿಕೆ ವೈದ್ಯರಿದ್ದು, ಲ್ಯಾಬ್ ತೆರೆದಿದ್ದು, ಸ್ಕ್ಯಾನಿಂಗ್ ಯಂತ್ರಕ್ಕೆ ಅದನ್ನು ನಡೆಸುವವರಿದ್ದಿದ್ದರೆ ಆ ಮುಷ್ಕರದ ಕಥೆಯೇ ಬೇರೆ ಆಗುತ್ತಿತ್ತು. ಖಾಸಗಿಯನ್ನು ಹತೋಟಿಯಲ್ಲಿಡುವ ಶಕ್ತಿ ಸರ್ಕಾರಿ ಆಸ್ಪತ್ರೆಯ ಹಾಸಿಗೆಯಲ್ಲಿದೆ, ದಂಡದ ಕಲಮಿನಲ್ಲಿಲ್ಲ. ನೀವು ಎರಡನೆಯದರ ಬಗ್ಗೆ ಚರ್ಚೆ ಮಾಡಿ ಮೊದಲನೆಯದನ್ನು ಮರೆತಿರಿ. ಕಡ್ಡಾಯ ಗ್ರಾಮೀಣ ಸೇವೆಗೆ ನಮ್ಮಲ್ಲೂ 2012ರ ಕಾಯ್ದೆ ಇದೆ. ವರ್ಷಗಟ್ಟಲೆ ಕೋರ್ಟಿನಲ್ಲಿ ಅಲೆದಾಡಿತು, ಈಚೆಗೆ ಅದನ್ನು ಸಡಿಲ ಮಾಡಿದ್ದೂ ಆಯಿತು.

ಮುಷ್ಕರ ಅಂದಾಗ ಇನ್ನೊಂದು ನೆನಪಾಗುತ್ತದೆ. 2025ರ ಜನವರಿ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ಕೇಳಿದ್ದು ತಿಂಗಳಿಗೆ ಒಂದು ಖಚಿತ ಸಂಬಳ. ಅವರು ಕೆಲಸ ನಿಲ್ಲಿಸಿದರೆ ಅವತ್ತೇ ಯಾರೂ ಸಾಯುವುದಿಲ್ಲ. ಆರು ತಿಂಗಳ ಮೇಲೆ ಒಂದು ಮಗುವಿಗೆ ಲಸಿಕೆ ತಪ್ಪುತ್ತದೆ, ಒಬ್ಬ ಬಸುರಿಯ ಬಿಪಿ ಯಾರಿಗೂ ಗೊತ್ತಾಗುವುದಿಲ್ಲ. ಅದು ಟೀವಿಯಲ್ಲಿ ಬರುವುದಿಲ್ಲ. ಹತ್ತು ಸಾವಿರ ಖಚಿತ ಅನ್ನುವ ಭರವಸೆ ಪಡೆಯಲು ಅವರು ರಾತ್ರಿ ಹೊತ್ತೂ ರಸ್ತೆ ಬದಿ ಮಲಗಬೇಕಾಯಿತು.

ಇಷ್ಟಾದರೂ 2017ರ ಕಾನೂನಿನಲ್ಲಿ ಉಳಿದದ್ದು ಕಮ್ಮಿಯೇನಲ್ಲ. ಅದು ನೆಲದ ಮೇಲೆ ಹೇಗಿದೆ ಅಂತ ಒಂದು ನೋಡಿದ್ದನ್ನು ಹೇಳುತ್ತೇನೆ. ನಮ್ಮ ಚಿಕ್ಕಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಆಸ್ಪತ್ರೆಯ ಹೆಸರು ಬೇಡ. ದರಪಟ್ಟಿ ಹಾಕಬೇಕು ಅಂತ ಕಾನೂನಿದೆಯಲ್ಲ, ಹುಡುಕಿದೆ. ಇತ್ತು. ಕುಡಿಯುವ ನೀರಿನ ಫಿಲ್ಟರ್ ಹಿಂದಿನ ಗೋಡೆಯಲ್ಲಿ. ಅರ್ಧ ಭಾಗದ ಮೇಲೆ ಮಾಸ್ಟರ್ ಹೆಲ್ತ್ ಚೆಕಪ್‌ನ ಪೋಸ್ಟರ್ ಅಂಟಿಸಿದ್ದರು. ಉಳಿದ ಅರ್ಧದಲ್ಲಿ ಕನ್ಸಲ್ಟೇಶನ್, ಇಸಿಜಿ, ಜನರಲ್ ವಾರ್ಡ್‌ಗೆ ದರ ಇತ್ತು. ಆಪರೇಷನ್ ಎದುರು 'ಪ್ಯಾಕೇಜ್ ಪ್ರಕಾರ' ಅಂತ ಬರೆದಿತ್ತು. ಪ್ಯಾಕೇಜ್ ಎಷ್ಟು ಅಂದರೆ ಅದು ಬಾಯಿಮಾತು. ಡಿಸ್ಚಾರ್ಜ್ ದಿನ ಬಿಲ್ಲಿನಲ್ಲಿ 'ಕನ್ಸ್ಯೂಮಬಲ್ಸ್' ಅಂತ ಒಂದು ಸಾಲು, ಎದುರಿಗೆ ದೊಡ್ಡ ಮೊತ್ತ. ಕೌಂಟರಿನ ಹುಡುಗನನ್ನು ಕೇಳಿದರೆ, "ಸಾರ್, ಅದು ಸಿಸ್ಟಮ್ಮೇ ಹಾಕೋದು" ಅಂದ. ಪಾಪ, ಅವನ ಸಂಬಳ ಆ ಸಾಲಿನ ಮೊತ್ತಕ್ಕಿಂತ ಕಮ್ಮಿ ಇದ್ದಿರಬೇಕು. ದೂರು ಹೇಗೆ ಕೊಡುವುದು ಅಂತ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿದೆ. "ಅರ್ಜಿ ಬರೆದು ಕೊಟ್ಟು ಹೋಗಿ, ಮೀಟಿಂಗ್ ಆದಾಗ ಇಡ್ತೀವಿ" ಅಂದರು. ಮೀಟಿಂಗ್ ಯಾವಾಗ? "ಸಾಹೇಬರಿಗೆ ಟೈಮ್ ಆದಾಗ." ಚಿಕ್ಕಮ್ಮ, "ಬಿಡಪ್ಪಾ, ನಾಳೆ ಮತ್ತೆ ಅಲ್ಲಿಗೇ ಹೊಲಿಗೆ ಬಿಚ್ಚಿಸೋಕೆ ಹೋಗಬೇಕು" ಅಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ನಿಮ್ಮ ಕಾನೂನಿನಲ್ಲೂ ಇಲ್ಲ. ಹೊಲಿಗೆ ಬಿಚ್ಚಬೇಕಾದವನ ಮೇಲೆ ಯಾರು ದೂರು ಕೊಡುತ್ತಾರೆ?

ಅದಕ್ಕೇ ದೂರು ರೋಗಿಯಿಂದಲೇ ಬರಬೇಕು ಅಂತ ಕಾಯಬೇಡಿ. ದರಪಟ್ಟಿ ಪರೀಕ್ಷೆ ಮಾಡಲು ಯಾರ ದೂರೂ ಬೇಡ. ಆಪರೇಷನ್ನಿನ ಪ್ಯಾಕೇಜ್ ದರವನ್ನೂ ಅದರಲ್ಲಿ ಏನೇನು ಸೇರಿದೆ ಅನ್ನುವುದನ್ನೂ ಕನ್ನಡದಲ್ಲಿ ಬರೆದು ಅಡ್ಮಿಷನ್ ಮಾಡುವಾಗಲೇ ಕೈಗೆ ಕೊಡಬೇಕು ಅಂತ ನಿಯಮ ಬಿಗಿ ಮಾಡಿ. ದರ ಎಷ್ಟಿರಬೇಕು ಅನ್ನುವ ಜಗಳ ಆಮೇಲೆ ಮಾಡೋಣ. ಜಿಲ್ಲಾ ಪ್ರಾಧಿಕಾರದಲ್ಲಿ ವೈದ್ಯರ ಸಂಘದವರಿಗೆ ಜಾಗ ಇರುವಂತೆ ರೋಗಿಗಳ ಪರ ಕೆಲಸ ಮಾಡುವ ಸಂಘಟನೆಗಳಿಗೂ ಕಾಯಂ ಜಾಗ ಕೊಡಿ. ತೀರ್ಮಾನಗಳನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಿಸಿ. ಕನಿಷ್ಠ ಗುಣಮಟ್ಟದ ನಿಯಮ ಸರ್ಕಾರಿ ಆಸ್ಪತ್ರೆಗಳಿಗೂ ಅನ್ವಯ ಆಗಲಿ. ಹಾಗೆ ಮಾಡಿದರೆ ಮುಂದಿನ ಸಲ ವೈದ್ಯರು ಅದೇ ಪ್ರಶ್ನೆ ಕೇಳಿದಾಗ ನೀವು ತಲೆ ತಗ್ಗಿಸಬೇಕಾಗಿಲ್ಲ.

ಇವೆಲ್ಲ ಸಚಿವರ ಕೆಲಸ, ನಾನು ಬರೀ ಶಾಸಕ ಅನ್ನಬೇಡಿ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಮಾತು ನಡೆಯುತ್ತದೆ. ತಾಲ್ಲೂಕಿನ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ನಿಮ್ಮ ಎದುರಿಗೇ ಎದ್ದು ನಿಂತು ವರದಿ ಓದುತ್ತಾರೆ. ನಾನು ನೋಡಿದ ಸಭೆಗಳಲ್ಲಿ ಡೆಂಗಿ ಎಷ್ಟು, ಲಸಿಕೆ ಎಷ್ಟು ಅಂತ ಓದಿ ಮುಗಿಸುತ್ತಾರೆ. ನೀವು ತಲೆಯಾಡಿಸುತ್ತೀರಿ, ಮುಂದೆ ಕುಡಿಯುವ ನೀರಿನ ವಿಷಯ ಬರುತ್ತದೆ. ಮುಂದಿನ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ. ರಾತ್ರಿ ಹತ್ತರ ಮೇಲೆ ಸಿಸೇರಿಯನ್ ಮಾಡಬೇಕಾಗಿ ಬಂದರೆ ನಮ್ಮ ಆಸ್ಪತ್ರೆಯಲ್ಲಿ ಆಗುತ್ತದೆಯಾ, ಇಲ್ಲದಿದ್ದರೆ ಯಾವ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ? ಕೆಪಿಎಂಇ ಪ್ರಾಧಿಕಾರ ಈ ವರ್ಷ ಎಷ್ಟು ಸಲ ಸೇರಿದೆ, ಎಷ್ಟು ದೂರು ತೀರ್ಮಾನ ಮಾಡಿದೆ? ಉತ್ತರ ಬಂದದ್ದನ್ನು ನಿಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿ. ಸೊನ್ನೆ ಅಂತ ಬಂದರೂ ಹಾಕಿ.

ಇಂತಿ,
ನಿಮ್ಮದೇ ಒಂದು ಕ್ಷೇತ್ರದ ಮತದಾರ